ಡಾಕ್ ತೋರಿಸುತ್ತಿದ್ದ ಎರಡು ಬೆರಳು

ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ನೂರು ವರ್ಷ ತುಂಬಿತೆಂದು ಮರೆಯಲಾಗದ ಹತ್ತು ಪಂದ್ಯಗಳನ್ನು ಆರಿಸಿದರು. ಮೊದಲನೆಯದು ಯಾವುದೆಂದು ಈ ಅಲಬಾಮಾ ಊರಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ: ಎಪ್ಪತ್ತೊಂದರ ನವೆಂಬರ್, ನದಿಯಾಚೆಯ ಕಾಲೇಜಿನ ಮೇಲೆ ಒಂದೇ ಅಂಕದ ಗೆಲುವು. ಕೊನೆಯ ಗಳಿಗೆಯಲ್ಲಿ ಚೆಂಡನ್ನು ಎದೆಗವಚಿಕೊಂಡು ಗೆರೆ ದಾಟಿದವನು ಡೆಲ್ಬರ್ಟ್ ಹಾಸ್ಕಿನ್ಸ್. ಈ ಶನಿವಾರದ ಆಟದ ನಡುವೆ ಅವನನ್ನು ಸನ್ಮಾನಿಸುತ್ತೇವೆ, ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದರು. ಆಗ ಪೆಟ್ಟಾದವರನ್ನು ನೋಡಿಕೊಳ್ಳುತ್ತಿದ್ದವನು ನಾನು. ಹುಡುಗರು ಡಾಕ್ ಅನ್ನುತ್ತಿದ್ದರು. ಡಾಕ್ಟರೂ ಅಲ್ಲ, ಮಣ್ಣೂ ಅಲ್ಲ, ಪಟ್ಟಿ ಸುತ್ತುವವನು.

ಸನ್ಮಾನದ ಹಿಂದಿನ ದಿನ ಡೆಲ್ಬರ್ಟನ ಹೆಂಡತಿ ವರ್ಲೀನ್ ನನ್ನ ಮನೆಗೆ ಬಂದಳು. ಕೊಟ್ಟ ಕಾಫಿ ಮುಟ್ಟಲಿಲ್ಲ. ಡೆಲ್ಬರ್ಟ್ ಮಕ್ಕಳ ಹೆಸರು ಮರೆತು ಹನ್ನೆರಡು ವರ್ಷವಾಗಿದೆ. ಮಾತು ತೊದಲುತ್ತದೆ, ನಡಿಗೆ ವಾಲುತ್ತದೆ. ಕುಡಿದು ಕುಡಿದು ತಲೆ ಕೆಡಿಸಿಕೊಂಡ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಮಗ ಕೂಡ ಅದನ್ನೇ ನಂಬಿ ಮನೆಗೆ ಬರುವುದು ಬಿಟ್ಟಿದ್ದಾನೆ.

"ಅವ್ರು ಒಂದು ತೊಟ್ಟೂ ಮುಟ್ಟಿದವ್ರಲ್ಲ, ಡಾಕ್. ಆವತ್ತು ಏನಾಯ್ತು ಅಂತ ಕೋಚ್‌ಗೆ ಗೊತ್ತಿತ್ತು, ಅವ್ರು ಹೋದ್ರು. ಈಗ ನಿಮಗೊಬ್ರಿಗೇ ಗೊತ್ತು. ನಾಳೆ ಮಗನ್ನೂ ಕೈಕಾಲು ಹಿಡಿದು ಬರೋಕೆ ಒಪ್ಸಿದ್ದೀನಿ. ಅವನ ಕಿವಿಗೆ ಬೀಳೋ ಹಾಗೆ ಹೇಳಿಬಿಡಿ, ಅಷ್ಟು ಸಾಕು."

ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಆಟದ ಮೂರನೆಯ ಕಾಲುಭಾಗದಲ್ಲಿ ಇಬ್ಬರು ಒಟ್ಟಿಗೆ ಅವನ ಹೆಲ್ಮೆಟ್ಟಿಗೆ ಡಿಕ್ಕಿ ಹೊಡೆದರು. ಹೊತ್ತು ತಂದು ಬೆಂಚಿನ ಮೇಲೆ ಕೂರಿಸಿದೆವು. ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ಆಗಿನ ಪರೀಕ್ಷೆಯೆಂದರೆ ಎಚ್ಚರ ತರಿಸುವ ಘಾಟು ಔಷಧಿಯನ್ನು ಮೂಗಿಗೆ ಹಿಡಿದು, ಬೆರಳು ತೋರಿಸಿ, ಎಷ್ಟು ಎಂದು ಕೇಳುವುದು. ನಾನು ಯಾವಾಗಲೂ ಎರಡೇ ತೋರಿಸುತ್ತಿದ್ದೆ. ಹೊಸಬರಿಗೆ ಹಳಬರು ಮೊದಲ ವಾರವೇ ಉತ್ತರ ಹೇಳಿಕೊಡುತ್ತಿದ್ದರು. ಅವರಿಗೆ ಗೊತ್ತೆಂದು ನನಗೂ ಗೊತ್ತಿತ್ತು. ನಾನಿನ್ನೂ ಕೈ ಎತ್ತಿರಲಿಲ್ಲ, ಡೆಲ್ಬರ್ಟ್ "ಎರಡು, ಡಾಕ್" ಅಂದ. ಕೋಚ್ ನನ್ನ ಮುಖ ನೋಡಿದರು. ಆಡಬಲ್ಲ ಎಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಶನಿವಾರ ಮೈಕಿನ ಮುಂದೆ ನಿಂತೆ. ಡೆಲ್ಬರ್ಟ್ ಪಕ್ಕದ ಕುರ್ಚಿಯಲ್ಲಿದ್ದ, ವರ್ಲೀನ್ ಅವನ ಭುಜ ಹಿಡಿದಿದ್ದಳು. ಮಗ ದೂರದಲ್ಲಿ ಬೇಲಿಯ ಬಳಿ ಕೈಕಟ್ಟಿ ನಿಂತಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ, ಮೈಮೇಲೆ ಎಚ್ಚರ ಇರಲಿಲ್ಲ, ಆದರೂ ಮೈದಾನಕ್ಕೆ ಕಳಿಸಿದೆ. ಇವನ ತಲೆ ಹಾಳಾದದ್ದು ಕುಡಿತದಿಂದಲ್ಲ, ನನ್ನಿಂದ.

ಮುಂದಿನ ಸಾಲಿನಿಂದ ಒಬ್ಬ ಕೂಗಿದ: "ಕಣ್ಣು ಕಾಣ್ದೇನೇ ಗೆಲ್ಸಿದ್ನಲ್ರೋ, ಗಂಡು ಅಂದ್ರೆ ಇವನು ಕಣ್ರೋ."

ಹತ್ತು ಸಾವಿರ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಬ್ಯಾಂಡು ಶುರುವಾಯಿತು. ನಾನು ಮತ್ತೆ ಹೇಳಹೊರಟೆ, ನನ್ನ ದನಿ ನನಗೇ ಕೇಳಿಸಲಿಲ್ಲ.

ಮಗ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬೇಲಿ ದಾಟಿ ಬಂದು ಅಪ್ಪನ ಮುಂದೆ ಮಂಡಿಯೂರಿ, ಅಳುತ್ತ ಕೈ ಚಾಚಿದ.

ಡೆಲ್ಬರ್ಟ್ ಆ ಕೈ ನೋಡಲಿಲ್ಲ. ಜನರ ಗದ್ದಲಕ್ಕೆ ಮುಖವೆತ್ತಿ, ಕುರ್ಚಿಯಡಿ ಹೆಲ್ಮೆಟ್ಟಿಗಾಗಿ ತಡಕಾಡುತ್ತ ಅಂದ:

"ಎರಡು, ಡಾಕ್. ಕಳ್ಸಿ ನನ್ನ."