ಟೀಚರು ಕೇಳಿದ ರಸೀದಿ

ಮೂರ್ನಾಡಿನ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಶಶಿಕುಮಾರ್ ಕಳ್ಳನಲ್ಲ, ಆ ಮಾತು ಮೊದಲೇ ಹೇಳಿಬಿಡುತ್ತೇನೆ. ಸಂಕೋಚದ ಮುದ್ದೆ, ಅಷ್ಟೇ. ಅವನಿಗೆ ಅಕ್ಷರ ಕಲಿಸಿದ ತ್ರಿಪುರಸುಂದರಿ ಟೀಚರು ನಿವೃತ್ತರಾದ ಮೇಲೆ, ಆರು ವರ್ಷದ ಹಿಂದೆ, ಆದಾಯ ತೆರಿಗೆಯ ರಿಟರ್ನ್ಸ್ ಹಾಕಿಸಲು ಬಂದರು. ಕೆಲಸ ಮುಗಿದು "ಎಷ್ಟಾಯ್ತು ಮಾರಾಯ?" ಎಂದು ಪರ್ಸ್ ತೆಗೆದಾಗ, ಅವರ ಹತ್ತಿರ ಕೂಲಿ ಕೇಳಲು ಇವನಿಗೆ ನಾಲಿಗೆಯೇ ಹೊರಳಲಿಲ್ಲ.

"ಸರ್ಕಾರಿ ಫೀಸು ಐನೂರು ಟೀಚರ್. ನನಗೇನೂ ಬೇಡ" ಎಂದುಬಿಟ್ಟ.

ಸರ್ಕಾರದ ವೆಬ್‌ಸೈಟಿನಲ್ಲಿ ಅದು ಪೂರ್ತಿ ಉಚಿತ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಒಮ್ಮೆ ಹೇಳಿದ್ದನ್ನು ಮರುವರ್ಷ ಬದಲಿಸುವುದು ಹೇಗೆ? ಟೀಚರು ಪ್ರತಿ ಜುಲೈಯಲ್ಲೂ ಬಂದು ಐನೂರು ಕೊಟ್ಟು, ಬಸ್ಸಿಗೆ ಕಾಯುವವರಿಗೆಲ್ಲ "ಇವನು ನನ್ನ ಸ್ಟೂಡೆಂಟು" ಎಂದು ತೋರಿಸಿ ಹೋಗುತ್ತಿದ್ದರು. ಅವತ್ತೆಲ್ಲ ಇವನಿಗೆ ಊಟ ಸೇರುತ್ತಿರಲಿಲ್ಲ.

ಈ ಸಲ ಟೀಚರು ಕೆಂಡವಾಗಿ ಬಂದರು.

"ಆ ಜನಾರ್ದನ ಮೇಷ್ಟ್ರಿಗೆ ಏನ್ ಬಂದಿದೆ ಅಂತೀನಿ! ಪೆನ್ಷನರ್ಸ್ ಮೀಟಿಂಗಲ್ಲಿ ಎಲ್ಲರೆದುರು ಹೇಳ್ತಾರೆ, ರಿಟರ್ನ್ಸ್ ಹಾಕೋದು ಫ್ರೀಯಂತೆ, ನಿಮ್ಮ ಸ್ಟೂಡೆಂಟ್ ನಿಮಗೇ ಟೋಪಿ ಹಾಕಿದ್ದಾನಂತೆ. ನಾನು ಬಿಡ್ತೀನಾ? ಅವನು ಸ್ವಂತಕ್ಕೆ ಒಂದ್ರೂಪಾಯಿ ಮುಟ್ಟಿಲ್ಲ, ಸುಳ್ಳಾದ್ರೆ ನಾನಿನ್ನು ಈ ಮೀಟಿಂಗಿಗೆ ಕಾಲಿಡಲ್ಲ ಅಂದೆ. ಫೀಸು ಕಟ್ಟಿದ ರಸೀದಿ ಕೊಡು ಶಶಿ. ಎದುರಿನ ಹಾಲ್‌ನಲ್ಲೇ ಎಲ್ಲರೂ ಕಾಯ್ತಾ ಕೂತಿದ್ದಾರೆ."

ಶಶಿಯ ಕೈ ಮೌಸ್ ಮೇಲೇ ನಿಂತಿತು. ಒಂದು ರಸೀದಿ ಟೈಪ್ ಮಾಡಿ ಪ್ರಿಂಟ್ ಹೊಡೆಯಲು ಐದು ನಿಮಿಷ ಸಾಕು. ಮನಸ್ಸು ಒಂದು ಗಳಿಗೆ ಆ ಕಡೆ ಓಡಿತು ಕೂಡ, ಸುಳ್ಳೇಕೆ. ಆ ಕಾಗದ ಹಿಡಿದು ಟೀಚರು ಅಷ್ಟು ಜನರ ಮುಂದೆ ನಿಲ್ಲುವುದನ್ನು ನೆನೆದು ಮೌಸ್‌ನಿಂದ ಕೈ ತೆಗೆದ.

"ಮೇಷ್ಟ್ರು ಹೇಳಿದ್ದೇ ಸರಿ ಟೀಚರ್. ಸರ್ಕಾರಕ್ಕೆ ಏನೂ ಕಟ್ಟಿಲ್ಲ. ಎಲ್ಲಾ ನಾನೇ ಇಟ್ಕೊಂಡೆ. ನಿಮ್ಮ ಹತ್ರ ಕೂಲಿ ಕೇಳೋಕೆ ನಾಚಿಕೆ ಆಗಿ..."

ಟೀಚರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

"ಕೂಲಿ ಅಂತ ಕೇಳಿದ್ರೆ ಸಾವಿರ ಕೊಡ್ತಿದ್ದೆನಲ್ಲೋ" ಎಂದರು ಮೆಲ್ಲಗೆ.

ಅವನು ಗಲ್ಲಾದಿಂದ ಮೂರು ಸಾವಿರ ತೆಗೆದು ಚಾಚಿದ. ಅವರು ನೋಡಲೂ ಇಲ್ಲ, ಕೊಡೆ ಬಿಚ್ಚಿ ರಸ್ತೆ ದಾಟಿದರು. ತನ್ನ ತಪ್ಪನ್ನು ಅವರ ಬಾಯಲ್ಲಿ ಹೇಳಿಸಬಾರದು ಎಂದು ಶಶಿ ಅಂಗಡಿಯನ್ನು ಹಾಗೇ ಬಿಟ್ಟು ಹಿಂದೆ ಓಡಿದ.

ಹಾಲ್‌ನಲ್ಲಿ ಎಲ್ಲರೂ ತಿರುಗಿ ನೋಡಿದರು. "ಇವನೇನಾ ನಿಮ್ಮ ಸ್ಟೂಡೆಂಟು?" ಎಂದರು ಜನಾರ್ದನ ಮೇಷ್ಟ್ರು.

ಟೀಚರು ಕೊಡೆ ಮಡಚಿ ಮೂಲೆಗಿಟ್ಟರು.

"ಜೆರಾಕ್ಸ್ ಅಂಗಡಿಯವರು" ಎಂದರು. "ಅವರಿಗೇನೋ ಹೇಳೋದಿದೆಯಂತೆ."