ಹಂಡೆ ಹೊತ್ತು ಬಂದ ತವರು

ಕತ್ತಲೆ ಕೋಣೆಯ ಪರದೆಯ ಮೇಲೆ ನನ್ನ ಮಗುವಿನ ಹೃದಯ ಬೂದು ಬಣ್ಣದಲ್ಲಿ ಮಿಡಿಯುತ್ತಿತ್ತು. ಕಣ್ಣಿನ ರೆಪ್ಪೆಯಂಥದ್ದೇನೋ ಅದರೊಳಗೆ ಮುಚ್ಚಿಕೊಳ್ಳುತ್ತಿತ್ತು, ತೆರೆದುಕೊಳ್ಳುತ್ತಿತ್ತು. ಮಾತಾಡುತ್ತಲೇ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರ್ ತಾರಿಣಿ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು. ನನ್ನ ಹೊಟ್ಟೆಯ ಒಂದೇ ಜಾಗವನ್ನು ಒತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, "ಮನೆಯವರು ಬಂದಿದ್ದಾರಾ?" ಎಂದು ಕೇಳಿದರು.

ನನ್ನ ಗಂಡ ನಿಜಗುಣ ಮತ್ತು ಅತ್ತೆ ಪಕ್ಕದ ಕೋಣೆಗೆ ಹೋದರು. ನಾನು ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳುತ್ತಾ ಕೂತೆ. ಹೊರಗೆ ಬಂದಾಗ ಇಬ್ಬರ ಮುಖವೂ ಹರಳೆಣ್ಣೆ ಕುಡಿದ ಹಾಗಿತ್ತು.

"ಏನಂತೆ?"

"ಏನಿಲ್ಲ, ಮಗು ಸ್ವಲ್ಪ ಸಣ್ಣದಿದೆಯಂತೆ. ನೀನು ಚೆನ್ನಾಗಿ ತಿನ್ಬೇಕಂತೆ," ಎಂದರು ಅತ್ತೆ.

ಬಸುರಿಯ ಕಿವಿಗೆ ಕೆಟ್ಟ ಸುದ್ದಿ ಹಾಕಬಾರದು ಎನ್ನುವುದು ಆ ಮನೆಯ ಕಟ್ಟಳೆ. ನನ್ನ ಓರಗಿತ್ತಿ ಬಸುರಿಯಾಗಿದ್ದಾಗ ಅವಳ ಅಪ್ಪ ತೀರಿಕೊಂಡದ್ದನ್ನೇ ಹೆರಿಗೆಯಾಗುವವರೆಗೆ ಮುಚ್ಚಿಟ್ಟಿದ್ದರು. ಅದನ್ನು ಕೇಳಿದಾಗ, ಎಂಥ ಒಳ್ಳೆಯ ಜನ ಎಂದು ನಾನೂ ಮೆಚ್ಚಿಕೊಂಡಿದ್ದೆ.

ಅಂದಿನಿಂದ ಉಪಚಾರವೋ ಉಪಚಾರ. ಸೊಸೆಗೆ ಒಂದು ಲೋಟ ನೀರು ಕೊಟ್ಟು ಗೊತ್ತಿಲ್ಲದ ಅತ್ತೆ ದಾಳಿಂಬೆ ಬಿಡಿಸಿ ಬಟ್ಟಲಲ್ಲಿಟ್ಟು ಕೊಡತೊಡಗಿದರು. ನನಗೆ ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಕೆಟ್ಟದ್ದು ಸೀಮಂತದ ದಿನ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ಹೆಣ್ಣುಮಕ್ಕಳ ಹಕ್ಕು. ಅಮ್ಮ ಬಾಣಂತಿ ಕೋಣೆಗೆ ಸುಣ್ಣ ಬಳಿಸಿ, ನನ್ನನ್ನು ಕರೆದೊಯ್ಯಲೆಂದೇ ಬಂದಿದ್ದಳು. ಮಡಿಲು ತುಂಬಿದ ಮೇಲೆ ಅತ್ತೆ, "ಹೆರಿಗೆ ಇಲ್ಲೇ ಆಗ್ಲಿ, ಕಳಿಸೋದಿಲ್ಲ," ಎಂದುಬಿಟ್ಟರು. ಯಾಕೆಂದು ಕೇಳಿದರೆ ಆರತಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅಮ್ಮ ಸಪ್ಪೆ ಮುಖ ಹೊತ್ತು ಊರಿಗೆ ಹಿಂತಿರುಗಿದಳು.

ನನಗೆ ಮೈಯೆಲ್ಲ ಉರಿಯಿತು. ಅಮ್ಮ ಉಡಿಸಿದ ಸೀರೆ ಇವರಿಗೆ ಒಪ್ಪಿಗೆಯಾಗಿಲ್ಲ, ಅದಕ್ಕೇ ಈ ಹಗೆ ಎಂದು ನಾನೇ ತೀರ್ಮಾನಿಸಿಕೊಂಡೆ. ನಿಜಗುಣರನ್ನು ಕೇಳಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಟುಬಿಡುತ್ತಿದ್ದರು. ದಿನ ಹತ್ತಿರವಾಗುತ್ತಿದ್ದಂತೆ ಚೀಲಕ್ಕೆ ಬಟ್ಟೆ ತುಂಬಿ, ಅಮ್ಮನಿಗೆ ಫೋನು ಮಾಡಿದೆ. "ನಾಳೆ ಬಸ್ಸು ಹತ್ತಿ ನಾನೇ ಬರ್ತೀನಿ. ಯಾರ ಅಪ್ಪಣೆಯೂ ಬೇಡ ನಂಗೆ."

ಆ ಕಡೆಯಿಂದ ಅಮ್ಮ, "ನೀನು ಹೊಸ್ತಿಲು ದಾಟಬೇಡ. ನಾನೇ ಬರ್ತೀನಿ," ಎಂದಳು.

ಮರುದಿನ ಆಟೋದಿಂದ ಅಮ್ಮ ಇಳಿದಳು. ಅವಳ ಹಿಂದೆ ಬಾಣಂತಿಗೆ ನೀರು ಕಾಯಿಸುವ ನಮ್ಮ ಮನೆಯ ತಾಮ್ರದ ಹಂಡೆಯೂ ಇಳಿಯಿತು.

"ಕರ್ಕೊಂಡು ಹೋಗೋಕೆ ಬಂದೋಳು ಹಂಡೆ ಯಾಕೆ ತಂದೆ?" ಎಂದೆ.

"ಎಲ್ಲಿಗೂ ಹೋಗೋದಿಲ್ಲ ಕಣೇ. ಬಾಣಂತನ ಇಲ್ಲೇ."

ಅತ್ತೆ ಕೆಮ್ಮಿದರು, ಕಣ್ಣಲ್ಲೇ ಬೇಡವೆಂದರು. ಆದರೆ ನಮ್ಮಮ್ಮನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಎಂದು ಊರೇ ಆಡಿಕೊಳ್ಳುತ್ತಿತ್ತು. ಸೀಮಂತವಾದ ಮೇಲೆ ಅಳಿಯ ಎಲ್ಲವನ್ನೂ ಹೇಳಿ ಆಣೆ ಹಾಕಿಸಿಕೊಂಡಿದ್ದರಂತೆ. ಅಷ್ಟು ದಿನ ಅವಳು ತಡೆದುಕೊಂಡದ್ದೇ ಹೆಚ್ಚು.

"ಆಣೆ ಮನೆ ಹಾಳಾಗ್ಲಿ ಬೀಗರೇ! ಇವಳು ಬಸ್ಸು ಹತ್ತಿದ್ದಿದ್ರೆ?" ಎಂದು ಅತ್ತೆಯ ಕಡೆ ತಿರುಗಿ ಹೇಳಿ, ನನ್ನ ಕೈ ಹಿಡಿದುಕೊಂಡಳು. "ಕೂಸಿನ ಹಾರ್ಟು ಸರಿಯಾಗಿ ಕೂಡಿಲ್ಲ ಮಗಳೇ. ಶ್ವಾಸಕೋಶದಿಂದ ಅದಕ್ಕೆ ರಕ್ತ ತರೋ ನಾಳ ಬೇರೆಲ್ಲೋ ಸೇರ್ಕೊಂಡಿದೆಯಂತೆ. ಹೊಟ್ಟೇಲಿರೋವರ್ಗೂ ಅದು ಉಸಿರಾಡ್ಬೇಕಾಗಿಲ್ಲ, ಏನೂ ಆಗಲ್ಲ. ಹುಟ್ಟಿ ಉಸಿರು ತಗೊಂಡ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತಂತೆ. ತಕ್ಷಣ ಆಪರೇಷನ್ ಆಗ್ಬೇಕು. ನಮ್ಮೂರಾಸ್ಪತ್ರೇಲಿ ಏನಿದೆ, ಮಣ್ಣು!"

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ನನ್ನ ಹೊಟ್ಟೆಯೊಳಗಿನ ಸಂಗತಿ ಮನೆಮಂದಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಅದೇ ಸಂಜೆ ಡಾಕ್ಟರ್ ತಾರಿಣಿಯ ಬಳಿ ಹೋಗಿ ಪರದೆಯನ್ನು ನನ್ನ ಕಡೆ ತಿರುಗಿಸಿ ಎಂದೆ. "ನಾವೇ ನಿಧಾನವಾಗಿ ಹೇಳ್ತೀವಿ ಅಂದಿದ್ರು ನಿಮ್ಮನೆಯವರು," ಎಂದು ಅವರು ಬೆರಗಾದರು. ಆಮೇಲೆ ದಾರಿ ತಪ್ಪಿದ ಆ ನಾಳವನ್ನು ತೋರಿಸಿದರು. ರೆಪ್ಪೆ ಎಂದಿನಂತೆ ಮುಚ್ಚಿ ತೆರೆಯುತ್ತಲೇ ಇತ್ತು.

ಹೆಣ್ಣು ಮಗು ಹುಟ್ಟಿತು. ಒಮ್ಮೆ ಅತ್ತಿತು, ತುಟಿ ನೀಲಿಗಟ್ಟಿತು, ನಾನು ಮುಖ ಸರಿಯಾಗಿ ನೋಡುವ ಮುಂಚೆ ಎತ್ತಿಕೊಂಡು ಹೋದರು. ಆಪರೇಷನ್ ಚೆನ್ನಾಗಿಯೇ ಆಯಿತು. ಸತಾಯಿಸಿದ್ದು ಶ್ವಾಸಕೋಶ. ನೀರು ಇಳಿಯಿತೆನ್ನುವಷ್ಟರಲ್ಲಿ ಸೋಂಕು, ಸೋಂಕು ಇಳಿಯಿತೆನ್ನುವಷ್ಟರಲ್ಲಿ ಮತ್ತೆ ನೀರು. ಗಂಟಲಲ್ಲಿ ಉಸಿರಿನ ನಳಿಕೆ ಇರುವ ಕೂಸಿಗೆ ಅಳು ಬಂದರೆ ಮುಖವೆಲ್ಲ ಅಳುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಆದರೂ ಪ್ರತಿದಿನ ಹೋಗಿ ನೋಡಿದೆ.

ಕೊನೆಗೊಂದು ಬೆಳಿಗ್ಗೆ ನಳಿಕೆ ತೆಗೆದು, ಮಗುವನ್ನು ನನ್ನ ಮಡಿಲಲ್ಲಿ ಮಲಗಿಸಿದರು. ಅದು ಒಡಕು ದನಿಯಲ್ಲಿ ಅತ್ತಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೆ ಬಂದು ಅದರ ಪಾದ ಮುಟ್ಟಿ ನೋಡಿದಳು. ನಾನು ಮಗುವಿನ ಕಿವಿಯ ಬಳಿ ಬಗ್ಗಿ ಮೊದಲಿನಿಂದ ಹೇಳತೊಡಗಿದೆ. ನಾಳ ಎಲ್ಲಿ ಹೋಗಿ ಸೇರಿತ್ತು, ಎದೆ ಸೀಳಿ ಏನು ಮಾಡಿದರು, ಇನ್ನೂ ಯಾವುದಕ್ಕೆ ಹೆದರಬೇಕು, ಎಲ್ಲ.

"ಕೂಸಿನ ಮುಂದೆ ಅದೆಲ್ಲ ಯಾಕಮ್ಮ ಹೇಳ್ತೀಯ?" ಎಂದರು ಅತ್ತೆ, ನಿಜವಾಗಿಯೂ ಗಾಬರಿಯಾಗಿ.

"ಕೇಳ್ಕೊಳ್ಲಿ ಅತ್ತೆ. ಅವಳ ಎದೆ ತಾನೇ."

ಅತ್ತೆ ಬಾಗಿಲು ಮುಂದೆ ಮಾಡಿ ಬಂದು ಮಂಚದ ಆ ಬದಿಗೆ ಕುಳಿತರು. ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು, ಅವರೂ ಕೇಳತೊಡಗಿದರು.