ಅಣ್ಣನ ಪಾಲಿಗೆ ಬಂದ ಟಗರು

ಬದುಕಿರುವ ಟಗರಿನ ಬೆನ್ನು ಸೀಳಿ ಮಾಂಸ ಎಷ್ಟು, ಕೊಬ್ಬು ಎಷ್ಟು ಎಂದು ನೋಡಲಾಗುವುದಿಲ್ಲ. ನೋಡಿದರೆ ಟಗರೇ ಉಳಿಯುವುದಿಲ್ಲ. ಅದಕ್ಕೇ ಅದರ ಮರಿಗಳನ್ನು ಕಡಿದಾಗ ಅಳೆದು, ಅಪ್ಪ ಟಗರಿನ ಗುಣ ಬರೆದಿಡುವುದು. ಕಸಾಯಿಖಾನೆಯಲ್ಲಿ ಆ ಅಳತೆಯ ಕೆಲಸ ತಂಗಿಯದು. ಕುರಿದೊಡ್ಡಿಯಲ್ಲಿ ಮರಿಗಳ ಕಿವಿಗೆ ಬಿಲ್ಲೆ ಚುಚ್ಚುವುದು ಅಣ್ಣನದು. ದೊಡ್ಡಿಯಲ್ಲಿದ್ದ ಟಗರು ಎರಡು, ಮಚ್ಚೆ ಮತ್ತು ಕರಿಮೂತಿ. ಮಚ್ಚೆಯ ಮಕ್ಕಳಿಗೆ ನೀಲಿ, ಕರಿಮೂತಿಯ ಮಕ್ಕಳಿಗೆ ಹಳದಿ.

ಎರಡು ಟಗರಿನಲ್ಲಿ ಮಗಳು ಮೊದಲು ಆರಿಸಿಕೊಳ್ಳಲಿ ಎಂದು ಹೇಳಿಯೇ ಅಪ್ಪ ಕಣ್ಣು ಮುಚ್ಚಿದ್ದ. ಅವಳ ಪಾಲಿನ ಹಿಂಡು ಏಳುವುದೂ ಬೀಳುವುದೂ ಆ ಒಂದು ಆಯ್ಕೆಯ ಮೇಲಿತ್ತು.

ಪಾಲಿಗೆ ಒಂದು ವಾರ ಮುಂಚೆ ಅಣ್ಣ ಇಪ್ಪತ್ತು ಮರಿ ಕಡಿಯಲು ಕಳಿಸಿದ. ಬಿಲ್ಲೆ ಬಿಚ್ಚಲು ಹೋದ ತಂಗಿಯ ಕೈ ಅಲ್ಲೇ ನಿಂತಿತು. ಪ್ರತಿ ಕಿವಿಯಲ್ಲೂ ಎರಡು ತೂತು. ಒಂದು ಎಂದೋ ಮಾಗಿದ್ದು, ಇನ್ನೊಂದು ಹಸಿ ಗಾಯ. ಬಿಲ್ಲೆ ಇದ್ದದ್ದು ಹಸಿಯದರಲ್ಲಿ. ನೀಲಿಯವಕ್ಕೆ ಹಳದಿ, ಹಳದಿಯವಕ್ಕೆ ನೀಲಿ ಹಾಕಿ ಕಳಿಸಿದ್ದ! ಅವಳ ಅಳತೆಯಿಂದಲೇ ಅವಳ ಕಣ್ಣಿಗೆ ಮಣ್ಣೆರಚಲು ಹೊರಟಿದ್ದ, ಒಡಹುಟ್ಟಿದವನು.

ಪಾಲು ಮಾಡಿಸಲು ಬರುವ ಕುರಿ ಡಾಕ್ಟರಿಗೆ ಹೇಳಿದ್ದರೆ ಅಣ್ಣನಿಗೆ ಒಂದು ದಿನದ ಅವಮಾನ. ಅಷ್ಟು ಅವಳಿಗೆ ಸಾಲಲಿಲ್ಲ. ತುಟಿ ಬಿಗಿಹಿಡಿದು, ಬಿಲ್ಲೆ ಹೇಳಿದಂತೆಯೇ ಬರೆದಳು: ಹಳದಿಯಲ್ಲಿ ಬೆನ್ನ ತುಂಬ ಮಾಂಸ, ನೀಲಿಯಲ್ಲಿ ಬೆರಳು ದಪ್ಪ ಕೊಬ್ಬು.

ಪಾಲಿನ ದಿನ ಕುರಿ ಡಾಕ್ಟರು ಪಟ್ಟಿ ಓದಿದರು. "ಕರಿಮೂತೀನೇ ಮೇಲು, ಎರಡು ಮಾತಿಲ್ಲ. ಆರಿಸ್ಕೊಳ್ಳಮ್ಮ."

ಅಣ್ಣ ಬೇಲಿಗೆ ಒರಗಿ ಮುಖ ಸಪ್ಪಗೆ ಮಾಡಿಕೊಂಡ. "ತಗೋ ಪುಟ್ಟಿ, ನಿನ್ನ ಅದೃಷ್ಟ. ಉಳಿದದ್ದು ನಂಗಿರಲಿ."

"ಛೆ, ಮನೆಗೆ ದೊಡ್ಡೋನು ನೀನು," ಎಂದಳು ಬೆಣ್ಣೆಯಂಥ ದನಿಯಲ್ಲಿ. "ಒಳ್ಳೇದು ನಿನಗೇ ಸೇರಲಿ. ನಂಗೆ ಮಚ್ಚೆ ಸಾಕು."

"ಇಂಥ ತಂಗಿ ಎಲ್ಲಿ ಸಿಗ್ತಾಳ್ರೀ!" ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅಣ್ಣ ತಡಬಡಿಸಿದ. "ಬೇಡ ಬೇಡ, ಅಪ್ಪನ ಮಾತು ಮೀರಬಾರದು. ಒಳ್ಳೇದನ್ನ ನೀನೇ ತಗೋಬೇಕು."

"ಒಳ್ಳೇದು ಯಾವ್ದು ಅಂತ ನೀನೇ ಹೇಳಣ್ಣ. ಡಾಕ್ಟರೂ ಕೇಳಿಸ್ಕೊಳ್ಲಿ."

ಅವನು ಅವಳ ಮುಖ ನೋಡಿದ. ಆಗ ಅರ್ಥವಾಯಿತು. ಗಂಟಲಿಗೆ ಬಿಸಿತುಪ್ಪ ಸಿಕ್ಕಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

"ಕರಿಮೂತಿ," ಎಂದ.

"ಹಾಗಾದ್ರೆ ಸಹಿ ಹಾಕು."

ಹಾಕಿದ. ಅವಳು ಮಚ್ಚೆಯನ್ನು ಲಾರಿಗೆ ಹತ್ತಿಸುವಾಗ ಹಿಂದೆಯೇ ಬಂದು, ಡಾಕ್ಟರಿಗೆ ಕೇಳದಂತೆ ಪಿಸುಗುಟ್ಟಿದ. "ಪುಟ್ಟಿ, ಈ ಒಂದು ಸಲ ಮಚ್ಚೇನ ನನ್ನ ಕುರಿಗಳ ಜೊತೆ ಬಿಡೇ. ಕೈಮುಗೀತೀನಿ."

"ಮಚ್ಚೇನಾ?" ತಂಗಿ ಕಣ್ಣರಳಿಸಿದಳು. "ಅದರ ಮಕ್ಕಳಲ್ಲಿ ಬರೀ ಕೊಬ್ಬು ಕಣಣ್ಣ. ನಿನ್ನ ಹಿಂಡು ಕೆಟ್ಟುಹೋದ್ರೆ ನನ್ನ ಜೀವ ತಡೀತದಾ?"

ಲಾರಿಯ ಬಾಗಿಲು ಹಾಕಿ ಚಿಲಕ ಜಡಿದಳು.